ಭಾಗವತರಿಲ್ಲದ ವಾದ

ದ್ವೀಪದೇಶದ ಅಧ್ಯಕ್ಷರು ನಮ್ಮ ನಾಯಕರನ್ನು ಗೂಬೆ ಎಂದು ಕರೆದ ನಾಲ್ಕನೆಯ ಸೆಕೆಂಡಿಗೆ ಉತ್ತರ ಹೊರಟಿತು: ‘ಗೂಬೆಗೆ ಕತ್ತಲೆಯಲ್ಲೂ ಕಣ್ಣು ಕಾಣುತ್ತದೆ. ಹಗಲಲ್ಲೇ ದಾರಿ ತಪ್ಪಿದವರು ಅದನ್ನು ಕೇಳಿಕೊಂಡು ನಡೆಯಲಿ.’ ಧ್ವನಿ ನಾಯಕರದ್ದೇ. ನಾಯಕರು ಮಾತ್ರ ಆ ಹೊತ್ತಿಗೆ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು.

ಅದು ೨೦೬೩ನೆಯ ಇಸವಿ. ಧಾರವಾಡದ ವಿಜ್ಞಾನಿ ಡಾ. ನೀಲಾಂಬಿಕಾ ಹಂಚಿನಾಳ ಕಟ್ಟಿದ ‘ಪ್ರತ್ಯುತ್ತರಿ’ ಎಂಬ ಯಂತ್ರ ಬೈಗುಳವನ್ನು ಕೇಳಿ, ಅದರ ಮೊನೆ ಎಲ್ಲಿದೆಯೆಂದು ಹುಡುಕಿ, ಅದನ್ನೇ ತಿರುಗಿಸಿ ಎಸೆಯುತ್ತಿತ್ತು. ವೇಷವಿಲ್ಲದೆ ಕುಳಿತು ಬರಿಯ ವಾದದಲ್ಲೇ ಪುರಾಣ ನಡೆಸುವ ತಾಳಮದ್ದಳೆಯ ಧ್ವನಿಮುದ್ರಣಗಳಿಂದ ಅದು ಕಲಿತಿತ್ತು. ಹೆಚ್ಚಿನವು ಪಾತ್ರ ವಹಿಸಿ ವಾದಿಸುವ, ಉಡುಪಿ ಕಡೆಯ ಹಿರಿಯ ಅರ್ಥಧಾರಿ ಪದ್ಮನಾಭ ಶೆಟ್ಟಿಗಾರರ ಮಾತುಗಳು. ದ್ವೀಪದೇಶದವರೂ ಅದೇ ಯಂತ್ರವನ್ನು ತರಿಸಿಕೊಂಡಿದ್ದರು.

ಮರುದಿನ ಶೆಟ್ಟಿಗಾರರು ಧಾರವಾಡಕ್ಕೆ ಬಂದರು. ಅವರ ಮಗಳು ವಿನೋದಿನಿ ಇಂಜಿನಿಯರಾಗಿದ್ದ ಹಡಗನ್ನು ದ್ವೀಪದವರು ಏಳು ವಾರಗಳಿಂದ ಬಂದರಿನಲ್ಲಿ ಹಿಡಿದಿಟ್ಟಿದ್ದರು. ಹಿಂದಿನ ದಿನ ಬಿಡಬೇಕಿತ್ತು. ಗೂಬೆಯ ಉತ್ತರ ಕೇಳಿ ಬಿಡಲಿಲ್ಲ.

“ಗೂಬೆಯ ಮಾತು ನಾನು ಸಾಲಿಗ್ರಾಮದಲ್ಲಿ ಕೌರವನಾಗಿ ಹೇಳಿದ್ದು ಡಾಕ್ಟ್ರೇ. ಅದಕ್ಕೆ ದ್ವೀಪದವರ ಯಂತ್ರ ಕೊಟ್ಟ ಉತ್ತರ ಉಂಟಲ್ಲ, ಅದೂ ನನ್ನದೇ. ಆ ಬದಿಗೂ ನಾನೇ, ಈ ಬದಿಗೂ ನಾನೇ. ನಡುವೆ ನನ್ನ ಮಗಳು.”

“ಯಂತ್ರ ಒಂದರಾಗೂ ಸೋತಿಲ್ಲರೀ,” ಎಂದರು ನೀಲಾಂಬಿಕಾ.

“ಸೋಲುವುದು ಬಿಡಿ, ನಿಲ್ಲುವುದು ಯಾವಾಗ? ಇದರಲ್ಲಿ ಭಾಗವತರು ಎಲ್ಲಿದ್ದಾರೆ?”

ಭಾಗವತರೆಂದರೆ ಹಾಡುವವರು. ವಾದ ಅತಿಯಾಯಿತೆನ್ನಿಸಿದರೆ ಮುಂದಿನ ಪದ ಎತ್ತುತ್ತಾರೆ. ಎಂಥ ಅರ್ಥಧಾರಿಯೂ ಬಾಯಿ ಮುಚ್ಚಬೇಕು. ಕೂಟ ಮುಗಿದ ಮೇಲೆ ಕೃಷ್ಣನೂ ಕೌರವನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ.

“ಹಾಡನ್ನೆಲ್ಲ ಗದ್ದಲ ಅಂತ ತಗದು ಹಾಕೀವ್ರಿ.”

“ಚೆಂದ ಮಾಡಿದಿರಿ. ಮಾತು ನನಗೆ ಒಂದೇ ವರ್ಷದಲ್ಲಿ ಬಂತು. ಸುಮ್ಮನಾಗಲಿಕ್ಕೆ ಕಲಿಯುವಾಗ ತಲೆ ನರೆತಿತ್ತು.”

ನೀಲಾಂಬಿಕಾ ಮೂರು ದಿನ ಕುಳಿತು ಯಂತ್ರಕ್ಕೆ ಭಾಗವತರನ್ನು ಸೇರಿಸಿದರು. ಇಂತಿಷ್ಟು ಬೈಗುಳದ ಬಳಿಕ ಮೌನ. ಎರಡೂ ದೇಶಗಳು ಒಪ್ಪಿದವು, ಮಾತು ನಿಂತಿತು, ಹಡಗಿನ ಬಿಡುಗಡೆ ಶುಕ್ರವಾರಕ್ಕೆ ನಿಗದಿಯಾಯಿತು.

ಬುಧವಾರ ಜನ ಕೇಳತೊಡಗಿದರು, ಉತ್ತರ ಎಲ್ಲಿ ಎಂದು. ಗುರುವಾರ ಸಂಜೆ ಉಡುಪಿಯ ಹೋಟೆಲೊಂದರಲ್ಲಿ ಶೆಟ್ಟಿಗಾರರ ಮೇಜಿಗೇ ಬಂದು ಕುಳಿತವನೊಬ್ಬ, “ನಮ್ಮವ ಹೆದರಿದ ಮಾರಾಯ್ರೆ,” ಎಂದ. “ಬಾಯಿ ಸತ್ತವನನ್ನು ಕಟ್ಟಿಕೊಂಡು ಎಂಥ ಮಾಡುವುದು?” ದ್ವೀಪದ ಹೋಟೆಲುಗಳಲ್ಲೂ ಇದೇ ಮಾತು ನಡೆದಿರಬೇಕು. ನಾಯಕರ ಕಚೇರಿಗೆ ಕಿವಿ ಚುರುಕು. ಅರ್ಧ ಗಂಟೆಯೊಳಗೆ ಯಂತ್ರದಿಂದ ಭಾಗವತರನ್ನು ಎಬ್ಬಿಸಿ ಕಳಿಸಿದರು.

ಗೋಡೆಯ ಪರದೆಯಲ್ಲಿ ನಾಯಕರ ಧ್ವನಿ ಮೊಳಗಿತು: ‘ನಾವು ಸುಮ್ಮನಿದ್ದದ್ದು ಭಯಕ್ಕಲ್ಲ. ಬೊಗಳುವವರಿಗೆ ದಣಿವಾಗಲೆಂದು.’

ಹೋಟೆಲಿಗೆ ಹೋಟೆಲೇ ನಕ್ಕಿತು. ಮಾಣಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದ. ಶೆಟ್ಟಿಗಾರರ ಫೋನಿಗೆ ಹಡಗಿನ ಕಂಪನಿಯಿಂದ ಒಂದು ಸಾಲು ಬಂತು: ಶುಕ್ರವಾರದ ಬಿಡುಗಡೆ ರದ್ದಾಗಿದೆ.

ಎದುರು ಕುಳಿತವನು ಗಲ್ಲಾದ ಕಡೆ ತಿರುಗಿ ಹೇಳಿದ: “ಅದನ್ನೊಮ್ಮೆ ಪುನಃ ಹಾಕಿ ಮಾರಾಯ್ರೆ. ನಗೆಯಲ್ಲಿ ಸರಿ ಕೇಳಲಿಲ್ಲ.”