ಅಟ್ಟದ ತೊಲೆ ಪ್ರಕರಣ

ಆಗಸ್ಟ್ ಹನ್ನೊಂದು, ಸೋಮವಾರ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಇಬ್ಬರು ಹೆಂಗಸರು ಠಾಣೆಯ ಮೆಟ್ಟಿಲು ಹತ್ತಿದರು. ಮುಂದಿದ್ದವರು ವಕೀಲೆ, ಕಂಕುಳಲ್ಲಿ ಫೈಲು. ಹಿಂದಿದ್ದ ಹೆಂಗಸನ್ನು ಕಂಡದ್ದೇ ತಡ, ಇನ್ಸ್‌ಪೆಕ್ಟರರ ತುಟಿಯ ಹತ್ತಿರ ಹೋಗಿದ್ದ ಟೀ ಲೋಟ ಮೇಜಿಗೆ ವಾಪಸಾಯಿತು. ಆಕೆ ಟೈಲರಮ್ಮ. ಮುಖ ಮರೆತಿರಲಿಲ್ಲ. ಮರೆತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂದುಕೊಂಡರು.

ದೂರು ಹೀಗಿತ್ತು. ಶನಿವಾರ ಮಧ್ಯಾಹ್ನ ಮೂರೂಕಾಲಿಗೆ ಟೈಲರಮ್ಮನ ಮನೆಯ ಅಟ್ಟದ ಕೋಣೆಯ ಮರದ ನೆಲ ಕುಸಿದಿದೆ. ಅಲ್ಲಿ ಮಲಗಿದ್ದ ಎಂಟು ವರ್ಷದ ಮಗಳು ಹತ್ತಡಿ ಕೆಳಗೆ ಹೊಲಿಗೆ ಮೆಷಿನ್ನಿನ ಮೇಲೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾಳೆ. ನೆಲ ಹೊತ್ತಿದ್ದ ತೊಲೆಗಳನ್ನು ಗೆದ್ದಲು ತಿಂದು ಸಿಪ್ಪೆ ಮಾತ್ರ ಉಳಿಸಿದೆ. ಎರಡು ವರ್ಷದ ಹಿಂದೆ ಇದೇ ಮನೆಗೆ ಒಂದು ಕಂಪನಿ ಗೆದ್ದಲಿನ ಔಷಧಿ ಹೊಡೆದು, ಹತ್ತು ವರ್ಷ ಗೆದ್ದಲು ಇತ್ತ ತಲೆ ಹಾಕುವುದಿಲ್ಲವೆಂದು ಗ್ಯಾರಂಟಿ ಬರೆದುಕೊಟ್ಟಿತ್ತು.

"ಈಗ ಅವರು ಏನಂತಾರೆ ಗೊತ್ತಾ ಸಾರ್?" ವಕೀಲೆ ಕಾಗದ ಮುಂದಿಟ್ಟರು. "ಒಂಬತ್ತನೇ ಷರತ್ತು ನೋಡಿ. ಗೆದ್ದಲು ಕಂಡ ಮೂವತ್ತು ದಿನದೊಳಗೆ ತಿಳಿಸ್ಬೇಕು. ಇವರು ಕಂಡೂ ಕಾಣದ ಹಾಗೆ ಐದು ತಿಂಗಳು ಸುಮ್ನೆ ಕೂತ್ರು, ಮಗು ಬಿದ್ದದ್ದು ತಾಯಿ ತಪ್ಪಿನಿಂದ ಅಂತಾರೆ. ಹುಡುಗಿಗೆ ಎರಡು ಆಪರೇಷನ್ ಆಗ್ಬೇಕು. ಈ ಮಾತು ನಿಂತುಬಿಟ್ರೆ ಪರಿಹಾರದ ಕೇಸು ಅಲ್ಲಿಗೇ ಮುಗೀತು."

"ನಾನು ಸುಮ್ನೆ ಕೂತಿರ್ಲಿಲ್ಲ," ಅಂದಳು ಟೈಲರಮ್ಮ, ಮೇಜಿನ ಅಂಚನ್ನು ನೋಡುತ್ತ. "ಮಾರ್ಚ್ ನಾಲ್ಕನೇ ತಾರೀಕು ಇಲ್ಲಿಗೇ ಬಂದಿದ್ದೆ."

ವಕೀಲೆ ಇನ್ಸ್‌ಪೆಕ್ಟರರ ಮುಖ ನೋಡಿದರು. "ಬಂದಿದ್ರಾ ಸಾರ್?"

ಬಂದಿದ್ದಳು. ಸ್ಟೀಲ್ ಡಬ್ಬಿಯಲ್ಲಿ ಅಟ್ಟದಿಂದ ಉದುರಿದ ಮರದ ಹುಡಿ, ಕೈಯಲ್ಲಿ ಕಂಪನಿಗೆ ಬರೆದ ಅರ್ಜಿ. ಕಂಪನಿಯವರು ಅರ್ಜಿ ಮುಟ್ಟದೆ ಬಾಗಿಲಿನಿಂದಲೇ ಕಳಿಸಿದರು, ನೀವಾದರೂ ಹೇಳಿ ತೆಗೆದುಕೊಳ್ಳುವ ಹಾಗೆ ಮಾಡಿ ಎಂದು ಕೇಳಿದ್ದಳು. ಇನ್ಸ್‌ಪೆಕ್ಟರರು ಡಬ್ಬಿಯೊಳಗೆ ಇಣುಕಿ, "ಗೆದ್ದಲನ್ನ ಹಿಡ್ಕೊಂಡ್ ಬಂದು ಲಾಕಪ್ಪಿಗೆ ಹಾಕ್ಲೇನಮ್ಮಾ? ಎಷ್ಟು ಸಾವಿರ ಇದಾವೆ, ಎಣಿಸ್ಕೊಂಡ್ ಬಾ" ಅಂದಿದ್ದರು. ಇಡೀ ಠಾಣೆ ನಕ್ಕಿತು. ದಫೇದಾರ ಎಲ್ಲರಿಗಿಂತ ಜೋರಾಗಿ ನಕ್ಕ; ಸಾಹೇಬರ ಜೋಕಿಗೆ ನಗುವುದೂ ಡ್ಯೂಟಿಯೇ ತಾನೆ! ಆಕೆ ಡಬ್ಬಿಯ ಮುಚ್ಚಳ ಹಾಕಿಕೊಂಡು ಹೋದಳು. ಬಂದದ್ದನ್ನು ಯಾರೂ ಯಾವ ಪುಸ್ತಕದಲ್ಲೂ ಬರೆಯಲಿಲ್ಲ.

"ದಿನಕ್ಕೆ ನೂರು ಜನ ಬರ್ತಾರೆ ಮೇಡಂ," ಅಂದರು ಇನ್ಸ್‌ಪೆಕ್ಟರ್. "ನೆನಪಿಲ್ಲ."

ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಎದುರಿಗೆ ಕೂತವರ ಸುಳ್ಳನ್ನು ಹಿಡಿದದ್ದೇ ಹಿಡಿದದ್ದು. ಈಗ ತಮ್ಮ ಬಾಯಿಂದಲೇ ಸುಳ್ಳು ಎಷ್ಟು ಸಲೀಸಾಗಿ ಹೊರಟಿತು ಎಂದು ಅವರಿಗೇ ದಿಗಿಲಾಯಿತು. ಟೈಲರಮ್ಮ ಜಗಳಕ್ಕೆ ಬರಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಹತ್ತೂವರೆಗೆ ಎಫ್‌ಐಆರ್ ದಾಖಲಾಯಿತು. ವಂಚನೆ, ನಿರ್ಲಕ್ಷ್ಯದಿಂದ ತೀವ್ರ ಗಾಯ. ನಂಬರು ನೂರಾ ಹದಿನೆಂಟು.

ಹನ್ನೆರಡಕ್ಕೆ ಸ್ಥಳ ಪಂಚನಾಮೆ. ಕೆಳಗೆ ಹೊಲಿಗೆ ಕೋಣೆ, ಅದರ ಮೇಲೆ ಅಟ್ಟ. ಸೂರಿನಲ್ಲಿ ಹಾಸಿಗೆಯಷ್ಟು ದೊಡ್ಡ ತೂತು, ತೂತಿನ ಕೆಳಗೆ ಮುರಿದ ಹಲಗೆ, ಒಂದು ದಿಂಬು, ಪಕ್ಕಕ್ಕೆ ಉರುಳಿದ ಮೆಷಿನ್ನು. ಅರ್ಧ ಹೊಲಿದ ರವಿಕೆ ಇನ್ನೂ ಸೂಜಿಯ ಕೆಳಗೇ ಇತ್ತು. ದಫೇದಾರ ಬಡಗಿಯ ಮಗ. ಪೊಲೀಸಾಗಿ ಮೂವತ್ತು ವರ್ಷವಾದರೂ ಮರ ಕಂಡರೆ ಕೈ ತಾನಾಗಿ ಹೋಗುತ್ತದೆ. ಚಾಕುವಿನ ಹಿಡಿಯಿಂದ ಹಾಲಿನ ಬಾಗಿಲ ಚೌಕಟ್ಟನ್ನು ತಟ್ಟಿದ. ಟಣ್ ಟಣ್ ಅಂದಿತು. ಅಡುಗೆಮನೆಯ ಕಪಾಟೂ ಗಟ್ಟಿ. ಏಣಿ ಹಾಕಿ ಅಟ್ಟದ ತೊಲೆಯನ್ನು ಬೆರಳಿನಿಂದ ಒತ್ತಿದರೆ ಬೆರಳೇ ಒಳಗೆ ಹೋಯಿತು.

"ಇದೇನ್ ವಿಚಿತ್ರ ಸಾರ್," ಅಂದ. "ಗೆದ್ದಲಿಗೆ ಭೇದಭಾವ ಇಲ್ಲ. ಒಂದ್ ಕಡೆ ತಿಂದು ಇನ್ನೊಂದ್ ಕಡೆ ಉಪವಾಸ ಮಾಡೋ ಜಾತಿ ಅಲ್ಲ ಅದು."

"ಅಟ್ಟಕ್ಕೆ ಔಷಧಿ ಹೊಡೆದೇ ಇಲ್ಲ ಅಂತೀಯಾ?"

"ಅದೇ ತಮಾಷೆ. ಹೊಡೆದ ಗುರುತಿದೆ. ಬನ್ನಿ ನೋಡಿ."

ತೊಲೆಯುದ್ದಕ್ಕೂ ಗೇಣಿಗೊಂದು ತೂತು ಕೊರೆದು, ಒಳಗೆ ಔಷಧಿ ಬಿಟ್ಟು, ಮೇಲೆ ಪುಟ್ಟಿ ಮೆತ್ತುವುದು ಈ ಕೆಲಸದ ಕ್ರಮ. ಅಟ್ಟದ ತೊಲೆಗಳಲ್ಲೂ ಅಷ್ಟೇ ಅಚ್ಚುಕಟ್ಟಾದ ತೂತುಗಳಿದ್ದವು. ಸೋಮಾರಿಯ ಕೆಲಸವಂತೂ ಅಲ್ಲ. ಹಾಲಿನ ಚೌಕಟ್ಟಿನ ಪುಟ್ಟಿ ಕೆರೆದರೆ ಮೂಗಿಗೆ ರಪ್ಪೆಂದು ಹೊಡೆಯುವ ವಾಸನೆ ಇನ್ನೂ ಇತ್ತು. ಅಟ್ಟದ ತೂತುಗಳಿಗೆ ವಾಸನೆಯೇ ಇರಲಿಲ್ಲ. ಹಾಲಿನ ಚೌಕಟ್ಟು, ಅಡುಗೆಮನೆಯ ಕಪಾಟು, ಅಟ್ಟದ ತೊಲೆ, ಮೂರರ ಮರದ ಚೂರನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ, ಅರಗಿನ ಮುದ್ರೆ ಹಾಕಿ, ಪಂಚರ ಸಹಿ ಹಾಕಿಸಿ ಪ್ರಯೋಗಾಲಯಕ್ಕೆ ಕಳಿಸಿದರು.

ಹೊರಡುವಾಗ ಟೈಲರಮ್ಮನ ಗಂಡ ಗೇಟಿನ ಹತ್ತಿರ ಅಡ್ಡ ಬಂದ. ಬಸ್ ಡ್ರೈವರ್, ಎರಡು ದಿನದಿಂದ ಅದೇ ಖಾಕಿ ಅಂಗಿ ಹಾಕಿಕೊಂಡಿದ್ದ. ಹೆಂಡತಿ ಒಳಗಿದ್ದರೂ ಅತ್ತ ಕತ್ತು ತಿರುಗಿಸುತ್ತಿರಲಿಲ್ಲ.

"ಸಾರ್, ಒಂದ್ ಮಾತು. ಇವಳು ನಿಮ್ಮ ಹತ್ರ ಬಂದಿದ್ದೆ ಅಂತಾಳೆ. ಹುಡಿ ಬೀಳ್ತಿದೆ ಅಂತ ನನಗೊಂದು ಮಾತೂ ಹೇಳಿರ್ಲಿಲ್ಲ, ಪೊಲೀಸರ ಹತ್ರ ಮಾತ್ರ ಹೋದ್ಲಂತೆ. ನಿಜಾನಾ?"

ಇನ್ಸ್‌ಪೆಕ್ಟರರು ಜೀಪಿನ ಕಡೆ ನೋಡಿದರು. ಇಲ್ಲಿ ಹೂಂ ಅಂದರೆ ನಾಳೆ ಕೋರ್ಟಿನಲ್ಲೂ ಹೂಂ ಅನ್ನಬೇಕು. ಹಿಂದೆಯೇ ಇಲಾಖಾ ವಿಚಾರಣೆ, ಕೈಗೆ ಬಂದ ಬಡ್ತಿ ಬಾಯಿಗಿಲ್ಲ.

"ರಿಜಿಸ್ಟರಿನಲ್ಲಿ ಇಲ್ಲ," ಅಂದರು.

ರಿಜಿಸ್ಟರಿನಲ್ಲಿ ಇರಲಿಲ್ಲ ಎಂಬುದು ನಿಜವೇ. ಈ ನಿಜವನ್ನು ಹಿಡಿದುಕೊಂಡು ಜೀಪು ಹತ್ತಿದರೂ ದಾರಿಯುದ್ದಕ್ಕೂ ಟೈಲರಮ್ಮನದೇ ಯೋಚನೆ. ಠಾಣೆಯಲ್ಲಿ ನಗೆಪಾಟಲಾದವಳು ಮನೆಗೆ ಹೋಗಿ ಗಂಡನ ಮುಂದೆ ಯಾವ ಬಾಯಲ್ಲಿ ಹೇಳಿಯಾಳು? ನಾಚಿಕೆಗೆ ನುಂಗಿಕೊಂಡಿದ್ದಾಳೆ. ನಾಚಬೇಕಾದವರು ಯಾರೋ!

ಆಗಸ್ಟ್ ಹತ್ತೊಂಬತ್ತರಂದು ಪ್ರಯೋಗಾಲಯದ ವರದಿ ಬಂತು. ಹಾಲಿನ ಚೌಕಟ್ಟು, ಅಡುಗೆಮನೆಯ ಕಪಾಟಿನ ಮಾದರಿಗಳಲ್ಲಿ ಔಷಧಿ ಇದೆ. ಅಟ್ಟದ ಮಾದರಿಯಲ್ಲಿ ಲವಲೇಶವೂ ಇಲ್ಲ.

ಹನ್ನೊಂದು ಗಂಟೆಗೆ ಕಂಪನಿಯ ಆಫೀಸಿಗೆ ಹೋದರು. ಒಂದು ಮೇಜು, ಎರಡು ಕುರ್ಚಿ, ಹಿಂದಿನ ಕೋಣೆಯಲ್ಲಿ ನೀಲಿ ಡ್ರಮ್ಮುಗಳು. ಮಾಲೀಕ ಕೈ ಮುಗಿದವನೇ, "ತಪಾಸಣೆ ಸ್ಲಿಪ್ಪೆಲ್ಲ ಕರೆಕ್ಟಾಗಿದೆ ಸಾರ್" ಅಂದ. ಸ್ಲಿಪ್ಪಿನ ಸುದ್ದಿಯನ್ನು ಇನ್ನೂ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದರು, ಇವನು ಅನ್ನುವ ಮೊದಲೇ ಮುಟ್ಟಿಕೊಂಡ.

"ಸ್ಲಿಪ್ಪು ತೆಗಿ."

ವರ್ಷಕ್ಕೊಮ್ಮೆ ಮನೆಗೆ ಹೋಗಿ ನೋಡಿ ಬರೆಯಬೇಕಾದ ಚೀಟಿಗಳು. ಫೆಬ್ರವರಿ ಇಪ್ಪತ್ತು ಎಂದು ಒಂದೇ ತಾರೀಕಿನವು ನಲವತ್ತು. ಒಂದೇ ಪೆನ್ನು, ಒಂದೇ ಕೈ. ಎಲ್ಲದರಲ್ಲೂ ‘ಗೆದ್ದಲು ಇಲ್ಲ’.

"ಒಂದೇ ದಿನ ನಲವತ್ತು ಮನೆ ಹತ್ತಿ ಇಳಿದ್ಯಾ?"

ಮಾಲೀಕ ಸ್ಲಿಪ್ಪು ಪುಸ್ತಕ ಮುಚ್ಚಲು ಹೋದ.

"ಟೈಲರಮ್ಮನ ಮನೆಗೆ ಔಷಧಿ ಹೊಡೆದವನು ಯಾರು?"

"ನಮ್ಮ ಟ್ಯಾಂಕಣ್ಣ ಸಾರ್. ಹದಿನಾಲ್ಕು ವರ್ಷದ ಕೆಲಸಗಾರ. ತಪ್ಪಾಗಿದ್ರೆ ಅವನದೇ ಇರ್ಬೇಕು, ನನಗೇನ್ ಗೊತ್ತು?"

ಸ್ಲಿಪ್ಪು ಪುಸ್ತಕ ಜಪ್ತಿಯಾಯಿತು. ಹಿಂದಿನ ಕೋಣೆಯಲ್ಲಿ ಮುಖಕ್ಕೆ ಕಟ್ಟುವ ಮುಸುಕು, ಕೈಗವಸು ಏನಾದರೂ ಇದೆಯೇ ಎಂದು ದಫೇದಾರ ಹುಡುಕಿದ. ಒಂದು ಹಳೇ ಟವೆಲು ಸಿಕ್ಕಿತು.

ಬೆನ್ನ ಮೇಲೆ ಸದಾ ಔಷಧಿ ಟ್ಯಾಂಕು ಹೊತ್ತು ಹೊತ್ತು ಆ ಹೆಸರು ಬಂದಿದ್ದ ಟ್ಯಾಂಕಣ್ಣನನ್ನು ಮಧ್ಯಾಹ್ನ ಎರಡು ಗಂಟೆಗೆ ಠಾಣೆಗೆ ಕರೆತಂದರು. ನಲವತ್ತು ದಾಟಿದ, ಸಣಕಲು ಮನುಷ್ಯ. ಕೂರು ಅಂದರೂ ಕುರ್ಚಿಯ ತುದಿಯಲ್ಲಿ ಕೂತ.

"ಹಾಲಿನ ಬಾಗಿಲಿಗೆ ಏನ್ ಹೊಡೆದೆ?"

"ಔಷಧಿ ಸಾರ್."

"ಅಡುಗೆಮನೆಗೆ?"

"ಔಷಧಿ."

"ಅಟ್ಟಕ್ಕೆ?"

"ನೀರು."

ಅಷ್ಟು ಬೇಗ ಒಪ್ಪಿಕೊಳ್ಳುತ್ತಾನೆಂದು ಇನ್ಸ್‌ಪೆಕ್ಟರರು ಎಣಿಸಿರಲಿಲ್ಲ.

"ಯಾಕೆ? ಉಳಿದ ಔಷಧಿ ಮಾರ್ಕೊಂಡ್ಯಾ?"

"ಇಲ್ಲ ಸಾರ್. ಚರಂಡಿಗೆ ಚೆಲ್ಲಿದೆ. ಆ ಕೋಣೇಲಿ ಹಾಸಿಗೆ ಮೇಲೆ ಗೊಂಬೆ ಇತ್ತು. ಮಕ್ಕಳು ಮಲಗೋ ಕೋಣೆಗೆ ನಾನು ಔಷಧಿ ಬಿಡಲ್ಲ ಸಾರ್. ನಾಲ್ಕು ವರ್ಷ ಆಯ್ತು, ಬಿಟ್ಟಿಲ್ಲ. ತೂತು ಕೊರೀತೀನಿ, ನೀರು ಬಿಡ್ತೀನಿ, ಪುಟ್ಟಿ ಹಚ್ತೀನಿ. ಮಾಲೀಕ್ರಿಗೆ ಹೇಳಿದ್ರೆ ಕೆಲಸದಿಂದ ಓಡಿಸ್ತಾರೆ. ನನಗೆ ಬೇರೆ ಕಸುಬು ಬರಲ್ಲ."

"ನಾಲ್ಕು ವರ್ಷದ ಹಿಂದೆ ಏನಾಯ್ತು?"

ಟ್ಯಾಂಕಣ್ಣ ಹೇಳಿದ. ಅವನ ಸ್ವಂತ ಮನೆಯ ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಿತ್ತು. ಉಳಿದ ಔಷಧಿಯನ್ನು ಜ್ಯೂಸಿನ ಖಾಲಿ ಬಾಟಲಿಯಲ್ಲಿ ತಂದಿಟ್ಟಿದ್ದ. ಈ ಕೆಲಸದವರೆಲ್ಲ ಹಾಗೇ ತರುತ್ತಾರೆ. ಮಗಳಿಗೆ ಆಗ ನಾಲ್ಕು ವರ್ಷ. ಜ್ಯೂಸು ಅಂದುಕೊಂಡು ಕುಡಿದುಬಿಟ್ಟಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದಫೇದಾರ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದ. ಅಯ್ಯೋ ಪಾಪ ಅನ್ನಬೇಕೋ, ಪಾಪಿ ಅನ್ನಬೇಕೋ ಯಾರಿಗೂ ತಿಳಿಯಲಿಲ್ಲ. ಮಗುವಿಗೆ ವಿಷ ತಾಗದಿರಲಿ ಎಂದು ನೀರು ಬಿಟ್ಟ ಕೈಯೇ ಇನ್ನೊಂದು ಮಗುವಿನ ಸೊಂಟ ಮುರಿದಿತ್ತು.

"ಇಂಥ ಮನೆ ಇನ್ನೆಷ್ಟು?"

"ಹತ್ತೊಂಬತ್ತು ಸಾರ್. ಎಲ್ಲ ನೆನಪಿದೆ."

ಬೀದಿ, ಗೇಟಿನ ಬಣ್ಣ, ಮಗು ಮಲಗುವ ಕೋಣೆ ಯಾವ ಮೂಲೆಗಿದೆ ಎಂಬುದನ್ನೆಲ್ಲ ಒಂದೊಂದಾಗಿ ಹೇಳಿದ. ಹತ್ತೊಂಬತ್ತನೆಯದು ಬರೆದು ಮುಗಿಸುವ ಮೊದಲೇ ಇನ್ಸ್‌ಪೆಕ್ಟರರು ಕಾನ್‌ಸ್ಟೇಬಲ್‌ಗಳನ್ನು ಓಡಿಸಿದ್ದರು: ಆ ಕೋಣೆಗಳಲ್ಲಿ ಇವತ್ತು ಯಾವ ಮಗುವೂ ಮಲಗಕೂಡದು.

ನಾಲ್ಕೂ ಹತ್ತಕ್ಕೆ ಬಂಧನದ ಕಾಗದ ಸಿದ್ಧವಾಯಿತು. ಮಾಲೀಕ ಮೊದಲನೆಯ ಆರೋಪಿ, ಟ್ಯಾಂಕಣ್ಣ ಎರಡನೆಯವನು. ಮಾಲೀಕ ಮೂರು ಜನ ದೊಡ್ಡವರಿಗೆ ಫೋನ್ ಮಾಡಿ, ಯಾರೂ ಎತ್ತದೆ ಗೋಡೆಗೊರಗಿ ಕೂತಿದ್ದ.

"ಬಂಧನದ ವಿಷಯ ಯಾರಿಗೆ ತಿಳಿಸ್ಬೇಕು?" ಇನ್ಸ್‌ಪೆಕ್ಟರ್ ಕೇಳಿದರು.

"ಹೆಂಡ್ತಿಗೆ," ಅಂದ ಟ್ಯಾಂಕಣ್ಣ. ಸಹಿ ಹಾಕಿ ಪೆನ್ನು ಕೈಯಲ್ಲೇ ಹಿಡಿದುಕೊಂಡ. "ಸಾರ್, ಅವಳಿಗೆ ಯಾಕೆ ಅಂತ ಹೇಳ್ತೀರಾ? ಬಾಟಲಿ ವಿಷಯಾನೂ ಬರುತ್ತಾ?"

"ಹೇಳಿಕೇಲಿ ಇದೆ. ಬರಲೇಬೇಕಲ್ಲ."

"ಅವಳು ಬೇರೆ ಥರ ಅಂದ್ಕೊಂಡಿದಾಳೆ ಸಾರ್." ಈಗ ಅವನ ದನಿ ಸೋತಿತ್ತು. "ಬಾಟಲಿ ಅಟ್ಟಣಿಗೆ ಮೇಲಿತ್ತು. ಬೆಳಿಗ್ಗೆ ನಾನೇ ಕೆಳಗಿಳಿಸಿದ್ದೆ. ಅಷ್ಟರಲ್ಲಿ ಮಾಲೀಕ್ರ ಫೋನ್ ಬಂತು, ಬಾಗಿಲ ಹತ್ರಾನೇ ಇಟ್ಟು ಓಡಿದೆ. ಆಸ್ಪತ್ರೇಲಿ ಅವಳು ಎದೆ ಎದೆ ಬಡ್ಕೊಂಡು, ಗುಡಿಸುವಾಗ ನಾನೇ ಕೆಳಗಿಟ್ಟೆನೇನೋ ಅಂತ ಅತ್ಲು. ನೀನಲ್ಲ ಅಂತ ನಾನು ಅನ್ಲಿಲ್ಲ. ನಾಲ್ಕು ವರ್ಷ ಆಯ್ತು. ಒಂದಿನಾನೂ ಅನ್ಲಿಲ್ಲ."

ಇನ್ಸ್‌ಪೆಕ್ಟರರಿಗೆ ಅವನ ಮುಖ ನೋಡಲಾಗಲಿಲ್ಲ. ಅವನ ಮೇಲಿನ ಅಸಹ್ಯದಿಂದ ಅಲ್ಲ. ಗೇಟಿನ ಹತ್ತಿರ ಒಬ್ಬ ಡ್ರೈವರ್ ಕೇಳಿದ ಪ್ರಶ್ನೆ, ತಾವು ಕೊಟ್ಟ ಉತ್ತರ, ಅದನ್ನು ಒಳಗಿನಿಂದ ಕೇಳಿಸಿಕೊಂಡಿರಬಹುದಾದ ಒಬ್ಬ ಹೆಂಗಸು ಎಲ್ಲ ಒಟ್ಟಿಗೇ ನೆನಪಾಗಿತ್ತು. ಮೇಜಿನ ಮೇಲಿನ ಫೋನನ್ನು ಅವನತ್ತ ಸರಿಸಿದರು.

"ನೀನೇ ಹೇಳು."

ಅವನು ಹೇಳಿದ. ಅತ್ತ ಕಡೆಯಿಂದ ಫೋನು ಕಟ್ ಆಯಿತು.

ಐದು ಗಂಟೆಗೆ ಇನ್ಸ್‌ಪೆಕ್ಟರರು ಬಿಳಿ ಹಾಳೆ ತೆಗೆದುಕೊಂಡರು. ಮೊದಲ ಸಾಲು ನೋಡಿದ ದಫೇದಾರ ಬಾಗಿಲು ಮುಂದೆ ಮಾಡಿ ಬಂದ. "ಸಾರ್, ಇದ್ಯಾಕೆ? ಯಾರ್ ಕೇಳಿದಾರೆ ಈಗ? ಇರಲಾರ್ದೆ ಇರುವೆ ಬಿಟ್ಕೊಂಡ ಹಾಗಾಗುತ್ತೆ."

"ನೀನೂ ಅವತ್ತು ನಕ್ಕಿದ್ದೆ. ಸಾಕ್ಷಿ ಕಾಲಂನಲ್ಲಿ ಸಹಿ ಹಾಕು."

ದಫೇದಾರ ತಲೆ ಕೆರೆದುಕೊಂಡ, ಎರಡು ಸಲ ನಿಟ್ಟುಸಿರು ಬಿಟ್ಟ, ಹಾಕಿದ.

ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಹುಡುಗಿ ನಿದ್ದೆ ಹೋಗಿದ್ದಳು, ಕಾಲಿಗೆ ತೂಕ ಕಟ್ಟಿದ್ದರು. ಡ್ರೈವರ್ ವರಾಂಡದ ಆ ತುದಿಯಲ್ಲಿ, ಟೈಲರಮ್ಮ ಈ ತುದಿಯ ಬೆಂಚಿನಲ್ಲಿ ವಕೀಲೆಯ ಪಕ್ಕ. ಇನ್ಸ್‌ಪೆಕ್ಟರರು ಹಾಳೆ ಕೊಟ್ಟರು. ಮಾರ್ಚ್ ನಾಲ್ಕರಂದು ಈಕೆ ಕಂಪನಿ ಮುಟ್ಟದೆ ತಿರುಗಿಸಿದ ಲಿಖಿತ ಅರ್ಜಿ ಮತ್ತು ಗೆದ್ದಲು ಹುಡಿಯೊಂದಿಗೆ ಠಾಣೆಗೆ ಬಂದಿದ್ದರು, ನಾನು ಅದನ್ನು ಸ್ವೀಕರಿಸದೆ ಅಪಹಾಸ್ಯ ಮಾಡಿ ಕಳಿಸಿದೆ, ಕೇಳಿದಾಗ ನೆನಪಿಲ್ಲವೆಂದು ಸುಳ್ಳು ಹೇಳಿದೆ ಎಂದು ಅದರಲ್ಲಿತ್ತು.

ವಕೀಲೆ ಎರಡು ಸಲ ಓದಿದರು. "ಒಂಬತ್ತನೇ ಷರತ್ತು ಇನ್ನು ನಿಲ್ಲಲ್ಲ. ಆದ್ರೆ ನಿಮ್ಮ ಮೇಲೆ ವಿಚಾರಣೆ ಆಗುತ್ತೆ ಸಾರ್."

"ಆಗ್ಲಿ ಮೇಡಂ." ಟೈಲರಮ್ಮನತ್ತ ತಿರುಗಿದರು. "ತಪ್ಪಾಯ್ತಮ್ಮಾ. ಅವತ್ತು ನಾನು ಕೇಳಿದ್ದಿದ್ರೆ ಈ ಮಗು—"

ಆಕೆ ಕೈಯೆತ್ತಿ ಸಾಕು ಅನ್ನುವಂತೆ ತಡೆದಳು. ಕ್ಷಮಿಸಿದೆ ಅನ್ನಲಿಲ್ಲ. ವಕೀಲೆಯ ಕೈಯಿಂದ ಹಾಳೆ ತೆಗೆದುಕೊಂಡು ಬೆಂಚಿನಿಂದ ಎದ್ದಳು.

"ಕೋರ್ಟಿಗೆ ಆಮೇಲೆ ಕೊಡೋಣ ಮೇಡಂ. ಮೊದಲು ಅವರಿಗೆ ಓದೋಕೆ ಕೊಡ್ತೀನಿ," ಅಂದು ಗಂಡ ನಿಂತಿದ್ದ ಕಡೆಗೆ ನಡೆದಳು.