ಮುಟ್ಟದೆ ಕಟ್ಟಿದ ಬೆಲೆ

“ಅಪ್ಪಾ, ಇಲ್ಲಿ ಯಾರ ಮನೆಯೊಳಗೂ ಇಣುಕಬೇಡ. ಇಣುಕಿದ್ರೂ ಕಂಡಿದ್ದನ್ನ ಬಾಯಿಬಿಟ್ಟು ಹೇಳಬೇಡ. ಈ ಕಟ್ಟಡದಲ್ಲಿ ಕಾಣೋದೇ ಬೇರೆ, ಇರೋದೇ ಬೇರೆ.”

ಕೆಳಮನೆಯ ಅಜ್ಜಿ ಮೆಟ್ಟಿಲಿಗೆ ಅಡ್ಡ ನಿಂತು ಹೀಗೆ ಹೇಳುವಾಗ, ಹೊಸದಾಗಿ ಮನೆಗೆ ಬರುತ್ತಿದ್ದ ಒರೆಗಲ್ಲಿನ ತಲೆಯ ಮೇಲೆ ಕಬ್ಬಿಣದ ಟ್ರಂಕಿತ್ತು. ಟ್ರಂಕು ಹೊತ್ತವನನ್ನು ನಿಲ್ಲಿಸಿ ಬುದ್ಧಿ ಹೇಳಿದರೆ ಯಾರ ಕಿವಿಗೆ ಹೋಗುತ್ತದೆ! “ದೆವ್ವ ಗಿವ್ವ ಇದ್ರೆ ಮೇಲೆ ಕಳಿಸಿ ಅಜ್ಜಿ, ಸಾಮಾನು ಹೊರೋಕೆ ಒಬ್ಬ ಆಳು ಬೇಕಿತ್ತು,” ಎಂದು ನಕ್ಕ. ಅಜ್ಜಿ ನಗಲಿಲ್ಲ. ತನ್ನ ಹೊಸಿಲಿನತ್ತ ಬೆರಳು ತೋರಿಸಿದಳು. ಅಲ್ಲಿ ಅಂಗೈ ಅಗಲದ ಕಪ್ಪು ಕಲೆ ಒಂದಿತ್ತು. ಎದುರು ಮನೆಯ ಹೊಸಿಲಿಗೂ ಅಂಥದೇ ಕಲೆ. ಹತ್ತಿರ ಬಗ್ಗಿದರೆ ಸುಟ್ಟ ಕೂದಲಿನ ಕಮಟು ವಾಸನೆ.

“ಹಿಂದೆ ಇಲ್ಲೊಬ್ಬ ಬಾಣಂತಿ ಇದ್ಲು. ಕೊರಳಲ್ಲಿ ಚಿನ್ನ ಇದೆ, ಇವಳೇನು ಬಡವಳು ಅಂತ ಅಕ್ಕಪಕ್ಕದವ್ರು ಸಾಕ್ಷಿ ಹೇಳಿ ಮನೆ ಬಿಡಿಸಿದ್ರು. ಅದು ಎರವಲು ತಂದಿದ್ದ ಸರ. ಮಗು ಬೀದೀಲೇ ಹೋಯ್ತು. ಅವಳು ತಿರುಗಿ ಬಂದು ಒಂದೊಂದು ಹೊಸಿಲಿಗೂ ಇದನ್ನ ಬಳಿದು, ‘ನಿಮ್ಮ ಕಣ್ಣಿಗೆ ಕಂಡಿದ್ದೇ ನಿಮ್ಮನ್ನ ತಿನ್ನಲಿ’ ಅಂತ ಶಾಪ ಹಾಕಿ ಹೋದ್ಲು. ಎಷ್ಟು ಉಜ್ಜಿದ್ರೂ ಹೋಗಲ್ಲ ಕಣಪ್ಪ.”

“ಸೀಮೆಎಣ್ಣೆ ಹಾಕಿ ಉಜ್ಜಿ, ಹೋಗುತ್ತೆ,” ಎಂದು ಒರೆಗಲ್ಲು ಮೆಟ್ಟಿಲು ಹತ್ತಿಬಿಟ್ಟ.

ಹೆಸರು ಬೇರೆಯೇ ಇತ್ತು, ಆದರೆ ಅವನನ್ನು ಹೆಂಡತಿಯ ಹೊರತು ಎಲ್ಲರೂ ಒರೆಗಲ್ಲು ಎಂದೇ ಕರೆಯುತ್ತಿದ್ದರು. ಹಳೇ ಸಾಮಾನಿನ ಅಂಗಡಿಯಲ್ಲಿ ಬೆಲೆ ಕಟ್ಟುವ ಕೆಲಸ. ಮಂಚ ಬಂದರೆ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಿದ್ದ. ಚರ್ಮದ ಕುರ್ಚಿ ಬಂದರೆ ಉಗುರಿನಿಂದ ಗೀರಿ ಮೂಸುತ್ತಿದ್ದ. ಬಳೆ ಬಂದರೆ ಕಲ್ಲಿಗೆ ಉಜ್ಜುತ್ತಿದ್ದ. ಮುಟ್ಟದೆ ಬೆಲೆ ಹೇಳಬಾರದು ಎಂಬುದು ಆ ಅಂಗಡಿಯ ಕಟ್ಟುನಿಟ್ಟು. ಮಾಲೀಕನೇ ಬಂದು ಅವಸರ ಮಾಡಿದರೂ “ತಡೀರಿ ಸ್ವಾಮಿ, ಕೈ ಹೇಳದೆ ಬಾಯಿ ಹೇಳಲ್ಲ” ಎನ್ನುತ್ತಿದ್ದ ಮನುಷ್ಯ ಅವನು.

ಇಲ್ಲದವರಿಗೆಂದೇ ಕಟ್ಟಿದ ಈ ಕಟ್ಟಡದಲ್ಲಿ ಮನೆ ಸಿಗಲು ಅವನು ವರ್ಷಗಟ್ಟಲೆ ಕಾದಿದ್ದ. ಅವನ ಪುಟ್ಟ ಮಗಳಿಗೆ ಉಬ್ಬಸ. ಹಳೇ ಬಾಡಿಗೆ ಕೋಣೆಯ ಗೋಡೆ ತೇವ, ಹಾಸಿಗೆ ತೇವ, ಮಗುವಿನ ಎದೆಯಲ್ಲಿ ಸದಾ ಒಂದು ಸೀಟಿ. ಇಲ್ಲಿ ಮೂರನೇ ಮಹಡಿ, ಬಿಸಿಲು, ಒಣ ಗಾಳಿ. ಬಂದ ವಾರದೊಳಗೆ ಸೀಟಿ ನಿಂತಿತು. ಮಗಳು ಮೆಟ್ಟಿಲು ಇಳಿದು ಹತ್ತಿ ಆಡತೊಡಗಿದಳು. ಆ ಸದ್ದು ಕೇಳಿ ಹೆಂಡತಿ ಅಡುಗೆಮನೆಯಲ್ಲಿ ಒಬ್ಬಳೇ ಅತ್ತಳು. ಈ ಮನೆ ಕೈಬಿಟ್ಟರೆ ಮಗು ಉಳಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಒಂದು ದಿನ, ಮೂರನೇ ಮಹಡಿಯಲ್ಲಿ ಅವರ ಎದುರು ಮನೆಯ ಬಾಗಿಲು ತೆರೆಯಿತು.

ಒಳಗೆ ಜೇನು ಬಣ್ಣದ ಚರ್ಮದ ಸೋಫಾ. ಮೇಲೆ ಗಾಜಿನ ತೂಗುದೀಪ. ಗೋಡೆಗೆ ಆಳೆತ್ತರದ ಲೋಲಕದ ಗಡಿಯಾರ. ಬಾಗಿಲಲ್ಲಿ ನಿಂತ ಹೆಂಗಸಿನ ಮೊಣಕೈವರೆಗೂ ಚಿನ್ನದ ಬಳೆ. ಇಷ್ಟೆಲ್ಲ ಇಟ್ಟುಕೊಂಡು ಆಕೆ ಖಾಲಿ ಲೋಟ ಚಾಚಿ ಕೇಳಿದ್ದೇನು? ಹಾಲು!

“ಅಣ್ಣಾ, ನಮ್ಮೆಜಮಾನ್ರಿಗೆ ಮೇಲೇಳೋಕಾಗಲ್ಲ. ಗಂಟಲಿಗೆ ಸ್ವಲ್ಪ ಹಾಲಾದ್ರೂ...”

ಒರೆಗಲ್ಲಿಗೆ ಮೈಯೆಲ್ಲ ಉರಿದುಹೋಯಿತು. ಅವನ ಸ್ವಂತ ತಂಗಿ, ಗಂಡ ಸತ್ತವಳು, ಇಂಥದೇ ಮನೆಗಾಗಿ ಕಾದು ಕಾದು ಸೊರಗಿದ್ದಳು. ಇಲ್ಲಿ ನೋಡಿದರೆ ರಾಣಿಯಂಥವಳು ಬಡವರ ಮನೆಯಲ್ಲಿ ಕಾಲು ಚಾಚಿದ್ದಾಳೆ. “ನಿಮಗೇನಮ್ಮಾ ಕಮ್ಮಿ?” ಎಂದ. “ಒಂದು ಬಳೆ ಬಿಚ್ಚಿದ್ರೆ ಹಸುವನ್ನೇ ತರಬಹುದಲ್ಲ.”

ಹೆಂಗಸು ಹೊಸಿಲ ಅಂಚಿಗೆ ಬಂದಳು. ಕೈಯನ್ನು ಅವನ ಮುಂದೆ ಚಾಚಿದಳು. “ಮುಟ್ಟಿ ನೋಡಣ್ಣಾ. ನಿನ್ನ ದಮ್ಮಯ್ಯ. ಒಳಗೆ ಬಂದು ಒಂದೇ ಒಂದು ಸಲ ಮುಟ್ಟಿ ನೋಡು.”

ಅವನು ಮುಟ್ಟಲಿಲ್ಲ. ಪರರ ಹೆಂಡತಿಯ ಕೈ ಹಿಡಿಯುವುದೇ? ಅಲ್ಲದೆ ಇಂಥವರನ್ನು ಅಳೆಯಲು ಕಣ್ಣೇ ಸಾಕು ಎನಿಸಿತು. ಜೀವಮಾನದಲ್ಲಿ ಮೊದಲ ಸಲ ಒರೆಗಲ್ಲು ಕೈ ಹಚ್ಚದೆ ಬೆಲೆ ಕಟ್ಟಿದ. ಹೆಂಡತಿ ಒಳಗಿಂದ ಹಾಲು ತರುವಷ್ಟರಲ್ಲಿ ಎದುರಿನ ಬಾಗಿಲು ಹಾಕಿಯಾಗಿತ್ತು.

ವಸತಿ ಕಚೇರಿಯ ತಪಾಸಣೆಯವನು ಬಂದದ್ದು ಒಂದು ಮಧ್ಯಾಹ್ನ. ಅನುಕೂಲಸ್ಥರನ್ನು ಹುಡುಕಿ ಮನೆ ಬಿಡಿಸುವುದು ಅವನ ಕೆಲಸ. ಅದಕ್ಕೊಬ್ಬ ನೆರೆಯವನು ಬಾಗಿಲಲ್ಲಿ ನಿಂತು ಒಳಗೇನಿದೆ ಎಂದು ಬಾಯಾರೆ ಹೇಳಬೇಕು. ಕಟ್ಟಡದ ಹಳಬರು ಒಬ್ಬೊಬ್ಬರಾಗಿ ಚಿಲಕ ಹಾಕಿಕೊಂಡರು. ಒರೆಗಲ್ಲು ಮಾತ್ರ ಅಂಗಿಯ ಗುಂಡಿ ಹಾಕಿಕೊಂಡು ಮುಂದೆ ಬಂದ. ಹೆಂಡತಿ ತೋಳು ಜಗ್ಗಿದಳು. “ರೀ, ನಮಗ್ಯಾಕೆ? ಬೇಡ.” ಅವನು ಕೊಸರಿಕೊಂಡ.

ಹೊಸಿಲಿನ ಕಪ್ಪು ಕಲೆಯ ಮೇಲೆ ಕಾಲಿಟ್ಟ. ಕಲೆ ಬೆಚ್ಚಗಿತ್ತು.

“ಸೋಫಾ. ಅಸಲಿ ಚರ್ಮ,” ಎಂದ. ಮೆಟ್ಟಿಲ ದೀಪ ಮಂಕಾಯಿತು. “ತೂಗುದೀಪ. ಗಾಜಿನದು.” ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು. “ಲೋಲಕದ ಗಡಿಯಾರ.” ಯಾರದೋ ಒದ್ದೆ ಬೆರಳು ಅವನ ಕತ್ತಿನ ಹಿಂದೆ ತಗುಲಿತು. ತಿರುಗಿದರೆ ಯಾರೂ ಇಲ್ಲ. ಒಳಗಿನ ಹೆಂಗಸು ಕೈ ಮುಗಿದು ಬೇಡುತ್ತಿದ್ದಳು, “ಸಾಕಣ್ಣಾ, ನಿಲ್ಸು, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ, ಒಳಗೆ ಬಾ!” ಅವನು ನಿಲ್ಲಿಸಲಿಲ್ಲ. “ಬಳೆ,” ಎಂದ. “ಕೈತುಂಬ ಚಿನ್ನದ ಬಳೆ.” ಶಹಭಾಸ್ ಒರೆಗಲ್ಲೇ!

ಅವರು ಮನೆ ಖಾಲಿ ಮಾಡಿದ ಬೆಳಿಗ್ಗೆ ಕಟ್ಟಡಕ್ಕೆ ಕಟ್ಟಡವೇ ಮೆಟ್ಟಿಲಲ್ಲಿ ನಿಂತು ನೋಡಿತು. ಮೊದಲು ಬಂದದ್ದು ಕಂಬಳಿಯಲ್ಲಿ ಸುತ್ತಿದ ಗಂಡ, ಎಲುಬಿನ ಗೂಡು. ಆಮೇಲೆ ಒಂದು ಚಾಪೆ, ಒಂದು ಒಲೆ, ತಳ ಸುಟ್ಟ ಒಂದು ಪಾತ್ರೆ. ಅಷ್ಟೇ. ಒರೆಗಲ್ಲು ಸೋಫಾ ಬರುತ್ತದೆಂದು ಕಾದ. ಗಡಿಯಾರ ಬರುತ್ತದೆಂದು ಕಾದ. ಕತ್ತು ಉದ್ದ ಮಾಡಿ ಒಳಗೆ ನೋಡಿದ. ಬರಿಯ ಗೋಡೆ. ಹೆಂಗಸು ಕೊನೆಯಲ್ಲಿ ಬಂದಳು. ತೋಳು ಬೋಳು, ಬಳೆಯ ಗುರುತೂ ಇಲ್ಲ. ಎಷ್ಟೋ ಕಾಲದ ಭಾರ ಇಳಿಸಿದವಳ ಹಾಗೆ ಉಸಿರುಬಿಟ್ಟು ಅವನ ಭುಜದಾಚೆ, ಅವನ ಮನೆಯೊಳಗೆ ನೋಡಿದಳು.

“ಅಯ್ಯೋ ಅಣ್ಣಾ,” ಎಂದಳು. ಕಣ್ಣಲ್ಲಿ ನೀರಿತ್ತು. “ಎಲ್ಲ ನಿನ್ನ ಮನೆಗೆ ಬಂದುಬಿಟ್ಟಿದೆ.”

ಅವನು ತಿರುಗಿ ನೋಡಿದ. ತನ್ನದೇ ಟ್ರಂಕು, ತನ್ನದೇ ಹಾಸಿಗೆ, ಮಗಳ ಗೊಂಬೆ. ಬೇರೇನೂ ಕಾಣಲಿಲ್ಲ. ಆದರೆ ಕೋಣೆಯ ತುಂಬ ಹೊಸ ವಾರ್ನಿಷಿನ ವಾಸನೆ ಇತ್ತು.

ಆವತ್ತಿನಿಂದ ಜನ ಅವನನ್ನು ನೋಡುವ ರೀತಿ ಬದಲಾಯಿತು. ಅಂಗಡಿಯ ಮಾಲೀಕ ಅವನ ಮಣಿಕಟ್ಟನ್ನೇ ದಿಟ್ಟಿಸಿ, “ಈ ವಾಚು ನಮ್ಮ ಯಾವ ಕಪಾಟಿನದಯ್ಯಾ?” ಎಂದು ಕೇಳಿ ಕೆಲಸದಿಂದ ತೆಗೆದ. ಮಣಿಕಟ್ಟಿನಲ್ಲಿ ಏನೂ ಇರಲಿಲ್ಲ. ಹೆಂಡತಿಗೆ ಅಂಗಡಿಯಲ್ಲಿ ಸಾಲ ಕೊಡುವುದು ನಿಂತಿತು. “ಅಷ್ಟು ದೊಡ್ಡ ಸರ ಹಾಕ್ಕೊಂಡು ಸಾಲ ಕೇಳೋಕೆ ನಾಚಿಕೆ ಆಗಲ್ವಾ?” ಸಂಜೆ ಕರೆಂಟು ಹೋದರೆ ಕತ್ತಲಲ್ಲಿ ಟಿಕ್, ಟಿಕ್ ಎಂದು ಇಲ್ಲದ ಗಡಿಯಾರ ಬಡಿಯುತ್ತಿತ್ತು. ಇಲ್ಲದ ಸೋಫಾದ ಚರ್ಮ ಕಿರುಗುಟ್ಟುತ್ತಿತ್ತು. ಅದರ ಮೇಲೆ ಯಾರೋ ಕೂತು ಎದ್ದ ಸದ್ದು. ವಾರ್ನಿಷಿನ ಘಾಟು ದಿನದಿನಕ್ಕೆ ದಟ್ಟವಾಗಿ ಮಗಳ ಎದೆಯಲ್ಲಿ ಸೀಟಿ ಮತ್ತೆ ಶುರುವಾಯಿತು.

ಅವನು ಅಜ್ಜಿಯ ಬಾಗಿಲಿಗೆ ಓಡಿದ. ಆಕೆ ಹೊಸಿಲಾಚೆಯೇ ನಿಂತು ಪಿಸುಗುಟ್ಟಿದಳು. “ಸಾಕ್ಷಿ ಹೇಳಿದವನ ಮನೆಗೆ ಹೋಗುತ್ತೆ ಅದು. ನಿನ್ನ ಎದುರು ಮನೆಯವಳೂ ಹಿಂದೆ ಒಬ್ರ ಮೇಲೆ ಹೇಳಿದ್ಲು.”

“ಕಳಚೋದು ಹೇಗೆ ಅಜ್ಜಿ?”

“ನಿಮ್ಮೋರಲ್ಲದ ಯಾರಾದ್ರೂ ಒಬ್ರು ಒಳಗೆ ಬಂದು ನಿನ್ನನ್ನ ಮುಟ್ಟಿ ನೋಡಿದ್ರೆ ಸಾಕು. ಬೇರಿಂದಲೇ ಕಿತ್ತುಹೋಗುತ್ತೆ. ಇಲ್ಲಾಂದ್ರೆ ಇನ್ನೊಬ್ರು ನಿನ್ನ ಮೇಲೆ ಸಾಕ್ಷಿ ಹೇಳಬೇಕು.”

“ಹಾಗಾದ್ರೆ ನೀವೇ ಮುಟ್ಟಿ!”

ಅಜ್ಜಿ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. “ಹೆದರಿಕೆ ಆಗುತ್ತಪ್ಪ. ಅವಳೂ ಕೇಳಿದ್ಲು. ಆಗ್ಲೂ ನಾನು ಮುಟ್ಟಲಿಲ್ಲ.” ಬಾಗಿಲು ಮುಚ್ಚಿತು.

ಒರೆಗಲ್ಲು ಮೆಟ್ಟಿಲಲ್ಲೇ ಕುಸಿದ. ಆ ಹೆಂಗಸು ಹಾಲಿನ ಲೋಟದ ಜೊತೆ ಕೈ ಚಾಚಿದ್ದು ನೆನಪಾಯಿತು. ಅವನು ಒಂದು ಬೆರಳು ತಾಗಿಸಿದ್ದರೆ ಆಕೆಯೂ ಉಳಿಯುತ್ತಿದ್ದಳು, ಇವನೂ ಉಳಿಯುತ್ತಿದ್ದ, ಮುಂದೆ ಬರುವವರೆಲ್ಲ ಉಳಿಯುತ್ತಿದ್ದರು. ಸಾಕ್ಷಿ ಹೇಳುವಾಗಲೂ ಆಕೆ ತಡೆದಳು. ಸುಮ್ಮನಿದ್ದಿದ್ದರೆ ಅವಳಿಗೇ ಬಿಡುಗಡೆ, ಆದರೂ ತಡೆದಳು. ಅವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಒಂದೊಂದು ಬಾಗಿಲನ್ನೂ ತಟ್ಟಿದ. ಕೈ ಚಾಚಿದ. ಎಲ್ಲರೂ ಹಿಂದೆ ಸರಿದರು. ಹಳಬರು ಹೆದರಿದರು, ಮಗಳ ಔಷಧಿಗೆ ದವಾಖಾನೆಗೆ ಹೋದರೆ ನರ್ಸಮ್ಮ ನಕ್ಕಳು. “ಉಚಿತದ ಔಷಧಿ ಇಲ್ಲದೋರಿಗೆ ಸ್ವಾಮಿ. ಮೈತುಂಬ ಚಿನ್ನ ಹೇರ್ಕೊಂಡು ಬಂದಿದೀರಲ್ಲ.”

ಅಷ್ಟರಲ್ಲಿ ಎದುರು ಮನೆಗೆ ಹೊಸಬರು ಬಂದರು. ಇಸ್ತ್ರಿ ಮಾಡುವ ಹೆಂಗಸು, ಕಂಕುಳಲ್ಲಿ ಹಸುಗೂಸು. ಬಂದ ದಿನವೇ ಒರೆಗಲ್ಲಿನ ಮನೆಯೊಳಗೆ ನೋಡಿ ಅವಳ ಮುಖ ಗಂಟಾಯಿತು. ಆ ಗಂಟು ಅವನಿಗೆ ಗುರುತು ಸಿಕ್ಕಿತು, ಅದು ಅವನ ಮುಖದ್ದೇ ಆಗಿತ್ತು.

ತಪಾಸಣೆಯವನು ಮತ್ತೆ ಬಂದ.

ಒಳಗೆ ಮಗಳು ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ತುಟಿ ನೀಲಿಯಾಗಿತ್ತು. ಹೆಂಡತಿ ಬೆನ್ನು ಸವರುತ್ತಿದ್ದಳು. ಘಾಟು. ಟಿಕ್, ಟಿಕ್. ಬಾಗಿಲು ಬಡಿದರು. ಅವನು ತೆರೆದ. ಇಸ್ತ್ರಿಯವಳು ಹೊಸಿಲ ಹತ್ತಿರ ಬಂದಳು. ಕೂಸು ಅವಳ ಸೆರಗು ಚೀಪುತ್ತಿತ್ತು. ಅವಳು ಒಂದು ಕ್ಷಣ ತಡೆದು ಅವನ ಮುಖ ನೋಡಿದಳು.

“ಏನಾದ್ರೂ ಹೇಳೋದಿದೆಯಾ ಅಣ್ಣಾ?”

ಹೇಳಬಹುದಿತ್ತು. ಕೈ ಚಾಚಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಒಬ್ಬಳು ಮುಟ್ಟಿದರೆ ಮುಗಿಯಿತು, ಯಾರಿಗೂ ಏನೂ ಇಲ್ಲ. ಆದರೆ ಎಲ್ಲರ ಹಾಗೆ ಇವಳೂ ಹೆದರಿ ಓಡಿಹೋದರೆ? ಸಾಕ್ಷಿಯೂ ತಪ್ಪಿಹೋದರೆ? ಮನೆ ಹೋದರೂ ಸರಿ, ಈ ಘಾಟು ತೊಲಗಿ ಮಗು ಈಗ ಉಸಿರಾಡಿದರೆ ಸಾಕು. ಹಿಂದೆ ಮಗಳ ಉಸಿರು ಸೀಟಿ ಹೊಡೆಯಿತು. ನಿಂತಿತು. ಮತ್ತೆ ಎಳೆಯಿತು.

ಒರೆಗಲ್ಲು ಬಾಯಿ ಬಿಡಲಿಲ್ಲ. ಪಕ್ಕಕ್ಕೆ ಸರಿದ. ಅವಳಿಗೆ ಚೆನ್ನಾಗಿ ಕಾಣಲಿ ಎಂದು ಬಾಗಿಲಿನ ಎರಡೂ ರೆಕ್ಕೆಗಳನ್ನು ಗೋಡೆಗೆ ಒತ್ತಿ ತೆರೆದಿಟ್ಟ.

“ಸೋಫಾ,” ಎಂದಳು ಅವಳು. ದೀಪ ಮಂಕಾಯಿತು. “ತೂಗುದೀಪ. ಗಡಿಯಾರ.” ಅವಳ ಕೈ ಕತ್ತಿನ ಹಿಂದೆ ಹೋಗಿ ಏನನ್ನೋ ಒರೆಸಿಕೊಂಡಿತು. ಒರೆಗಲ್ಲು ಕೂಸಿನ ಕಡೆ ನೋಡದೆ ನೆಲ ನೋಡಿದ. “ಮಗೂನೂ ರೇಷ್ಮೆಯಲ್ಲಿ ಮಲಗಿಸಿದ್ದಾರೆ ನೋಡಿ ಸಾರ್.”

ವಾರ್ನಿಷಿನ ವಾಸನೆ ತಟ್ಟನೆ ಹೋಯಿತು. ಗಡಿಯಾರ ನಿಂತಿತು. ಮಗಳು ಒಂದು ದೊಡ್ಡ ಉಸಿರು ಎಳೆದಳು. ಸದ್ದಿಲ್ಲದ, ತುಂಬು ಉಸಿರು.

ಮನೆ ಖಾಲಿ ಮಾಡಿದ ದಿನ ನರ್ಸಮ್ಮ ತಾನಾಗಿ ಕರೆದು ಔಷಧಿ ಕೊಟ್ಟಳು. ಟ್ರಂಕು ಮತ್ತೆ ಅವನ ತಲೆಯೇರಿತು. ಎದುರು ಮನೆಯ ಬಾಗಿಲು ಅರ್ಧ ತೆರೆದಿತ್ತು. ಇಸ್ತ್ರಿಯವಳು ಗೋಣಿಚೀಲದ ಮೇಲೆ ಕೂತು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಒರೆಗಲ್ಲಿಗೆ ಗೋಣಿಚೀಲ ಕಾಣಲಿಲ್ಲ. ಜೇನು ಬಣ್ಣದ ಚರ್ಮದ ಮೇಲೆ ರಾಣಿಯೊಬ್ಬಳು ಕೂತಿದ್ದಳು, ಮೊಣಕೈವರೆಗೂ ಬಳೆ. ಈಗಲಾದರೂ ಒಳಗೆ ಹೋಗಿ ಮುಟ್ಟಬಹುದಿತ್ತು. ಅವನ ಕಾಲು ಹೊಸಿಲವರೆಗೆ ಹೋಯಿತು. ತಿರುಗಿ ಬಂದರೆ? ಮತ್ತೆ ಅಂಟಿಕೊಂಡರೆ? ಕಾಲು ಹಿಂದೆ ಬಂತು.

ಇಳಿಯುವಾಗ ಹೆಂಡತಿ ಮಗಳ ಕೈ ಹಿಡಿದು ಮುಂದೆ ಹೋಗುತ್ತಿದ್ದಳು. ಸಾಕ್ಷಿಯ ದಿನದಿಂದ ಅವನೊಡನೆ ಆಕೆ ಮಾತಾಡಿರಲಿಲ್ಲ. ಕೊನೆಯ ತಿರುವಿನಲ್ಲಿ ನಿಂತಳು.

“ಸುಮ್ನಿದ್ದಿದ್ದು ಮಗಳಿಗೋಸ್ಕರ, ಒಪ್ಪಿದೆ,” ಎಂದಳು. “ಬಾಗಿಲನ್ನ ಅಷ್ಟು ಅಗಲ ತೆರೆದಿದ್ದು ಯಾಕ್ರೀ?”

ಮಗಳೂ ತಲೆ ಎತ್ತಿ ಅಪ್ಪನ ಮುಖವನ್ನೇ ನೋಡುತ್ತ ನಿಂತಳು.