ಓದಲು ಬಂದ ಉಸಿರು

ನೀಲವ್ವ ಊದಿದಳು. ಬೆರಳುದ್ದದ ಗಾಜಿನ ಕೊಳವೆಯಲ್ಲಿ ನೇರಳೆ ಬೆಳಕು ಮಿನುಗಿತು. ಅವಳ ಎದೆಯೊಳಗೆ ಎಷ್ಟು ಕಲ್ಲುಪುಡಿ ಕೂತಿದೆ ಎಂಬುದನ್ನು ಉಸಿರುಮಾಪಕ ಹನ್ನೊಂದೇ ಸೆಕೆಂಡಿನಲ್ಲಿ ಅಳೆದು ಹಸಿರು ದೀಪ ಹೊತ್ತಿಸಿತು. ಅವಳು ಮಾತ್ರ ಕದಲಲಿಲ್ಲ.

“ಹಸಿರು ಅಂದ್ರ ಕೆಲಸಕ್ಕ ಹೋಗು ಅಂತ, ಗೊತ್ತೈತ್ರಿ. ಒಳಗ ಎಷ್ಟೈತಿ? ಅದನ್ನ ಹೇಳ್ರಿ.”

ಆ ಯಂತ್ರವನ್ನು ಕಂಡುಹಿಡಿದವಳು ಡಾ. ಗುಲ್ನಾರ್ ಬಾಗವಾನ್. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗೆ 2063ರ ತಪಾಸಣೆಗೆಂದು ಬಂದಿದ್ದಳು. ಆರು ವರ್ಷಗಳಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಅವಳಿಗೆ ಕೇಳಿರಲಿಲ್ಲ. ಅವಳು ಕಡತ ತೆರೆದಳು.

ಮಾಹಿತಿಯೆಲ್ಲ ಜೇಸನ್ ಎಂಬ ಹಳೆಯ ಕ್ರಮದಲ್ಲಿತ್ತು. ಅದರಲ್ಲಿ ಪ್ರತಿ ಸಂಗತಿಗೂ ಒಂದು ಹೆಸರು, ಪಕ್ಕದಲ್ಲೇ ಅದರ ಮೌಲ್ಯ. ಆದರೆ ಜಾಗ ಉಳಿಸಲೆಂದು ಇನ್ನೂರ ಹನ್ನೆರಡು ಜನರ ಉಸಿರನ್ನು ಒಂದೇ ಸಾಲಿಗೆ ತುರುಕಲಾಗಿತ್ತು. ಕನ್ನಡ ಅಕ್ಷರಗಳೆಲ್ಲ ಓರೆಗೆರೆ, ಅಂಕಿಗಳ ಸಂಕೇತಗಳಾಗಿದ್ದವು.

“ನನ್ನ ಹೆಸರೆಲ್ಲೈತಿ?”

ಗುಲ್ನಾರ್ ಒಂದು ಅಂಕಿಗಳ ಸರವನ್ನು ತೋರಿಸಿದಳು.

“ಇದು ನಾನಾ?” ಎಂದಳು ನೀಲವ್ವ.

ವ್ಯವಸ್ಥಾಪಕ ವಸುಪಾಲ ಹಂಜಿಯ ಬಳಿ ಗುಲ್ನಾರ್ ನೇರವಾಗಿ ಹೋಗಿ, ಅವರವರ ಅಂಕಿಗಳನ್ನು ಅವರವರಿಗೆ ಕೊಡಬೇಕೆಂದಳು. ಆತ ಕರಾರಿನ ಮೇಲೆ ಕೈಯಿಟ್ಟ. “ಮಾಹಿತಿ ಕಾರ್ಖಾನೆಯದು, ಮೇಡಂ. ಓದಿದ್ರೆ ಸುಮ್ಮನೆ ಹೆದರ್ತಾರೆ.”

“ಉಸಿರು ಯಾರದು?”

“ನಿಮ್ಮ ಯಂತ್ರವನ್ನ ಇನ್ನು ಯಾರೂ ಕೊಳ್ಳದ ಹಾಗೆ ಮಾಡ್ತೀನಿ.”

“ಮಾಡಿ,” ಎಂದು ಎದ್ದು ಬಂದಳು.

ಪಾಳಿ ಬಿಡುವ ಹೊತ್ತಿಗೆ ಗೇಟಿನ ಎದುರಿನ ಕಟ್ಟೆಯ ಮೇಲೆ, ಎಲ್ಲರ ಕಣ್ಣೆದುರೇ ಕೂತು, ಪೈಥಾನ್ ಎಂಬ ಗಣಕಭಾಷೆಯಲ್ಲಿ ಒಂಬತ್ತು ಸಾಲು ಬರೆದಳು. ಕಡತವನ್ನು ತೆರೆದು, ಒಬ್ಬೊಬ್ಬರದನ್ನೂ ಬೇರೆ ಮಾಡಿ, ಪ್ರತಿ ಸಂಗತಿಯನ್ನೂ ಅಂಚು ಬಿಟ್ಟು ಹೊಸ ಸಾಲಿನಲ್ಲಿ ಬರೆಯಬೇಕು. ಕನ್ನಡವನ್ನು ಕನ್ನಡವಾಗಿಯೇ ಉಳಿಸಬೇಕು. ಅವರವರದನ್ನು ಅವರವರು ಕಟ್ಟಿಕೊಂಡ, ಪುಟ್ಟ ಪರದೆಯಿದ್ದ ಮುಂಗೈ ಪಟ್ಟಿಗೆ ಮಾತ್ರ ಸೇರಿಸಬೇಕು. ಇಷ್ಟೇ ಆಜ್ಞೆ. ಹಂಜಿ ಕಾವಲುಗಾರರನ್ನು ಕಳಿಸಿದ. ಅವರ ಮುಂಗೈ ಪಟ್ಟಿಗಳೂ ಸದ್ದು ಮಾಡಿದವು. ಅವರೂ ನಿಂತು ಓದತೊಡಗಿದರು.

ನೀಲವ್ವ ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. “ಹೆಸರು, ನೀಲವ್ವ ಹಡಪದ. ಕಲ್ಲುಪುಡಿ, ಇಸ್ವಿ ಐವತ್ತೇಳರಾಗ ಎಂಟು. ಅರವತ್ತರಾಗ ಹತ್ತೊಂಬತ್ತು. ಈ ವರ್ಷ ಮೂವತ್ತೊಂಬತ್ತು.” ಬೆರಳನ್ನು ಕೆಳಗಿನ ಸಾಲಿಗೆ ಸರಿಸಿದಳು. ಕೆಂಪು ದೀಪದ ಮಿತಿ, ನಲವತ್ತು.

ಮರುದಿನ ಕಲ್ಲು ಕೊಯ್ಯುವ ಗರಗಸಗಳನ್ನು ಯಾರೂ ಮುಟ್ಟಲಿಲ್ಲ. ಧೂಳು ಅಡಗಿಸುವ ನೀರಿನ ಕೊಳವೆ ಬರುವವರೆಗೂ ಒಳಗೆ ಕಾಲಿಡುವುದಿಲ್ಲ ಎಂದು ನೀಲವ್ವ ಗೇಟಿನಲ್ಲೇ ಕೂತಳು. ಹಂಜಿ ಗದರಿಸಿದ, ಆಮೇಲೆ ಗೋಗರೆದ. ಐದನೆಯ ದಿನ ಕೊಳವೆಗಳು ಬಂದವು. ಗುಲ್ನಾರಳ ಕರಾರು ರದ್ದಾಯಿತು. ನೀಲವ್ವನನ್ನು ಧೂಳಿಲ್ಲದ ಉಗ್ರಾಣದ ಕೆಲಸಕ್ಕೆ ಹಾಕಿದರು. ಎದೆಯೊಳಗೆ ಕೂತದ್ದು ಮಾತ್ರ ಹೊರಬರುವಂಥದ್ದಲ್ಲ.

ಗುಲ್ನಾರ್ ಊರು ಬಿಡುವಾಗ ನೀಲವ್ವ ಬಸ್ಸಿನವರೆಗೂ ಬಂದಳು. “ಅಕ್ಕಾರ, ಆ ಒಂಬತ್ತು ಸಾಲು ಬರ್ಯಾಕ ಹೊಸಾ ಯಂತ್ರ ಏನರ ಬೇಕಿತ್ತೇನ್ರಿ?”

“ಇಲ್ಲ. ನಾನು ಹುಟ್ಟೋಕೆ ಮೊದಲೇ ಅದಕ್ಕೆ ಬೇಕಾದ್ದೆಲ್ಲ ಇತ್ತು.”

“ಅವಾಗ ಇದ್ದ ಮಂದಿ,” ನೀಲವ್ವ ಕೆಮ್ಮು ತಡೆದುಕೊಂಡು ಕೇಳಿದಳು, “ಏನ್ ಮಾಡ್ತಿದ್ರು?”